ರಾಸಾಯನಿಕ ಸಮೀಕರಣವನ್ನು ಬರೆದು, ಸರಿದೂಗಿಸಿ, ಅದರಿಂದ ಲೆಕ್ಕ ಮಾಡುವ ಬಗೆ

ಸಾಮಾನ್ಯ ರಸಾಯನಶಾಸ್ತ್ರದ ಆರಂಭದ ಪಾಠಗಳಲ್ಲಿ ಬರುವ ಬಹುಪಾಲು ವಿಷಯ ಒಂದೇ ಸಾಲಿನ ಸುತ್ತ ಬೆಳೆಯುತ್ತದೆ. ಆ ಸಾಲೇ ರಾಸಾಯನಿಕ ಸಮೀಕರಣ. ಯಾವ ವಸ್ತುಗಳು ಸೇರಿದವು, ಯಾವುವು ಹುಟ್ಟಿದವು, ಯಾವುದು ಎಷ್ಟು ಬೇಕಾಯಿತು, ಎಷ್ಟು ಉಳಿಯಿತು ಎಂಬುದೆಲ್ಲ ಅದರಲ್ಲಿ ಅಡಕವಾಗಿರುತ್ತದೆ. ಅದನ್ನು ಬಾಯಿಪಾಠ ಮಾಡಿದವರಿಗೆ ಹೊಸ ಪ್ರಶ್ನೆ ಎದುರಾದಾಗ ದಾರಿ ತೋಚುವುದಿಲ್ಲ, ಆದರೆ ಅದನ್ನು ತಾವೇ ಕಟ್ಟಲು ಕಲಿತವರು ಮುಂದಿನ ಅಧ್ಯಾಯಗಳಲ್ಲಿ ಅರ್ಧ ದಾರಿಯನ್ನು ಆಗಲೇ ಕ್ರಮಿಸಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ಸೂತ್ರದಿಂದ ಆರಂಭಿಸಿ, ಸರಿದೂಗಿಸುವುದನ್ನು ನಿಧಾನವಾಗಿ ನೋಡಿ, ಕೊನೆಗೆ ತಕ್ಕಡಿಯ ಮೇಲೆ ಪರೀಕ್ಷಿಸಬಹುದಾದ ಲೆಕ್ಕದವರೆಗೆ ಹೋಗೋಣ. ಧಾತುಗಳ ಸಂಕೇತಗಳನ್ನು ಉಚ್ಚರಿಸುವ ರೀತಿಯಲ್ಲಿಯೇ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದೆ: ಹೈಡ್ರೋಜನ್‌ಗೆ ಎಚ್, ಕಾರ್ಬನ್‌ಗೆ ಸಿ, ಆಕ್ಸಿಜನ್‌ಗೆ ಒ.

ಎಲ್ಲಕ್ಕೂ ಆಧಾರವಾಗಿರುವ ನಿಯಮ ಒಂದೇ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ. ಅವುಗಳ ನಡುವಿನ ಬಂಧಗಳು ಮುರಿದು ಹೊಸ ಬಂಧಗಳು ಏರ್ಪಡುತ್ತವೆ, ಅಷ್ಟೆ. ಪರಮಾಣುಗಳ ಕಲ್ಪನೆ ಇನ್ನೂ ಗಟ್ಟಿಯಾಗಿರದ 1770ರ ದಶಕದಲ್ಲಿಯೇ ಫ್ರಾನ್ಸಿನ ಆಂಟ್ವಾನ್ ಲವಾಸಿಯೆ ಇದನ್ನು ತೂಕದ ಮೂಲಕ ತೋರಿಸಿದ್ದನು. ಗಾಳಿಯಾಡದಂತೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿದಾಗ ಲೋಹದ ಮೇಲೆ ಬೂದಿಯಂಥ ಪದರ ಮೂಡಿದರೂ ಪಾತ್ರೆಯ ಒಟ್ಟು ತೂಕ ಬದಲಾಗಲಿಲ್ಲ. ಮುಚ್ಚಳ ತೆರೆದಾಗ ಹೊರಗಿನ ಗಾಳಿ ಒಳನುಗ್ಗಿ, ಆಮೇಲೆ ತೂಕ ಹೆಚ್ಚಿತು. ಲೋಹ ಪಡೆದುಕೊಂಡದ್ದು ಪಾತ್ರೆಯ ಒಳಗಿದ್ದ ಗಾಳಿಯ ಒಂದು ಭಾಗವನ್ನೇ ಎಂಬುದು ಇದರಿಂದ ಸ್ಪಷ್ಟವಾಯಿತು. ಸಮೀಕರಣವನ್ನು ಸರಿದೂಗಿಸುವಾಗ ನಾವು ಮಾಡುವುದು ಈ ನಿಯಮವನ್ನು ಪರಮಾಣುಗಳ ಎಣಿಕೆಯಲ್ಲಿ ಪಾಲಿಸುವ ಕೆಲಸವನ್ನೇ.

ಮೊದಲು ಸೂತ್ರ ಸರಿಯಾಗಿರಲಿ

ಸರಿದೂಗದ ಸಮೀಕರಣಗಳಲ್ಲಿ ಹೆಚ್ಚಿನವುಗಳ ದೋಷ ಸೂತ್ರದಲ್ಲಿಯೇ ಇರುತ್ತದೆ. ತಪ್ಪು ಸೂತ್ರವನ್ನು ಇಟ್ಟುಕೊಂಡು ಎಷ್ಟು ಹೊತ್ತು ಅಂಕಿಗಳನ್ನು ಬದಲಿಸಿದರೂ ಫಲವಿಲ್ಲ, ಸರಿದೂಗಿದರೂ ಅದು ಬೇರೆಯೇ ವಸ್ತುವಿನ ಸಮೀಕರಣವಾಗಿರುತ್ತದೆ.

ಲೋಹ ಮತ್ತು ಅಲೋಹ ಸೇರಿ ಆಗುವ ಸಂಯುಕ್ತಗಳಲ್ಲಿ ಅಯಾನುಗಳ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣು ಗುಂಪುಗಳ, ಆವೇಶಗಳನ್ನು ನೋಡಿದರೆ ಸಾಕು. ಧನ ಆವೇಶದ ಮೊತ್ತವೂ ಋಣ ಆವೇಶದ ಮೊತ್ತವೂ ಸಮನಾಗಬೇಕು. ಅಲ್ಯೂಮಿನಿಯಂ ಅಯಾನಿನ ಮೇಲೆ 3 ಧನ ಆವೇಶ, ಆಕ್ಸೈಡ್ ಅಯಾನಿನ ಮೇಲೆ 2 ಋಣ ಆವೇಶ ಇರುವುದರಿಂದ, ಎರಡು ಅಲ್ಯೂಮಿನಿಯಂಗೆ ಮೂರು ಆಕ್ಸಿಜನ್ ಬಂದಾಗ ಮಾತ್ರ ಎರಡೂ ಕಡೆ 6 ಆಗುತ್ತದೆ. ಕ್ಯಾಲ್ಸಿಯಂ ಆಕ್ಸೈಡಿನಲ್ಲಿ ಎರಡರ ಆವೇಶವೂ 2 ಆಗಿರುವುದರಿಂದ ಒಂದಕ್ಕೊಂದು ಸಾಕು. ಅಂಕಿಗಳನ್ನು ಅಡ್ಡಡ್ಡವಾಗಿ ಬದಲಾಯಿಸಿಕೊಳ್ಳುವ ಸುಲಭ ವಿಧಾನವನ್ನು ಕಲಿತವರು ಇಲ್ಲಿ 'ಎರಡಕ್ಕೆ ಎರಡು' ಎಂದು ಬರೆದುಬಿಡುತ್ತಾರೆ, ಅದನ್ನು ಚಿಕ್ಕ ಪೂರ್ಣಾಂಕಕ್ಕೆ ಇಳಿಸಬೇಕು. ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್, ಅಮೋನಿಯಂ ಈ ಆರು ಗುಂಪುಗಳ ಸೂತ್ರ ಮತ್ತು ಆವೇಶಗಳನ್ನು ಮಾತ್ರ ನೆನಪಿಟ್ಟುಕೊಳ್ಳಲೇಬೇಕು. ಈ ವಿಷಯದಲ್ಲಿ ಬಾಯಿಪಾಠಕ್ಕೆ ಪರ್ಯಾಯವಿಲ್ಲ.

ಇನ್ನೊಂದು ಅಂಶ ಪದೇ ಪದೇ ಮರೆತುಹೋಗುತ್ತದೆ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಮತ್ತು ಅಯೋಡಿನ್ ಈ ಏಳು ಧಾತುಗಳು ಬಿಡಿಯಾಗಿರುವಾಗ ಎರಡು ಪರಮಾಣುಗಳ ಅಣುಗಳಾಗಿಯೇ ಇರುತ್ತವೆ. ಸಮೀಕರಣದಲ್ಲಿ 'ಆಕ್ಸಿಜನ್ ಅನಿಲ' ಎಂದರೆ ಒ₂ ಎಂದೇ ಬರೆಯಬೇಕು.

ಸರಿದೂಗಿಸುವ ಕ್ರಮ

ಸೂತ್ರದೊಳಗೆ ಕೆಳಗೆ ಬರೆಯುವ ಚಿಕ್ಕ ಅಂಕಿ ಒಂದು ಅಣುವಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬುದನ್ನು ಹೇಳುತ್ತದೆ. ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿ, ಅಂದರೆ ಸಹಗುಣಕ, ಅಂಥ ಅಣುಗಳು ಎಷ್ಟು ಎಂಬುದನ್ನು ಹೇಳುತ್ತದೆ. ಸರಿದೂಗಿಸುವಾಗ ಸಹಗುಣಕವನ್ನು ಮಾತ್ರ ಬದಲಿಸಬಹುದು, ಕೆಳಗಿನ ಅಂಕಿಯನ್ನು ಮುಟ್ಟಲೇಬಾರದು. ಎಚ್₂ + ಒ₂ → ಎಚ್₂ಒ ಎಂಬಲ್ಲಿ ಬಲಗಡೆ ಒಂದು ಆಕ್ಸಿಜನ್ ಕಡಿಮೆಯಾಗುತ್ತದೆ ಎಂದು ನೀರಿನ ಸೂತ್ರವನ್ನೇ ಎಚ್₂ಒ₂ ಎಂದು ತಿದ್ದಿದರೆ ಎಣಿಕೆ ಕೂಡಿಬರುತ್ತದೆ, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಚರ್ಮವನ್ನು ಸುಡಬಲ್ಲ, ಬಣ್ಣ ಬಿಡಿಸುವ ಬೇರೊಂದು ವಸ್ತು ಬಂದಿರುತ್ತದೆ. ಸರಿಯಾದ ಉತ್ತರ 2ಎಚ್₂ + ಒ₂ → 2ಎಚ್₂ಒ.

ಈಗ ಪ್ರೊಪೇನ್ ಅನಿಲ ಉರಿಯುವುದನ್ನು ಹಂತಹಂತವಾಗಿ ನೋಡೋಣ. ಇನ್ನೂ ಸರಿದೂಗಿಸದ, ಅಂದರೆ ಅಸ್ಥಿಪಂಜರ ಸಮೀಕರಣ ಹೀಗಿದೆ:

ಸಿ₃ಎಚ್₈ + ಒ₂ → ಸಿಒ₂ + ಎಚ್₂ಒ

ಯಾವ ಧಾತುವಿನಿಂದ ಆರಂಭಿಸಬೇಕು ಎಂಬುದೇ ಇಲ್ಲಿನ ಮುಖ್ಯ ತೀರ್ಮಾನ. ಪ್ರತಿ ಬದಿಯಲ್ಲಿ ಒಂದೇ ವಸ್ತುವಿನಲ್ಲಿ ಕಾಣುವ ಧಾತುವನ್ನು ಮೊದಲು ಹಿಡಿಯಬೇಕು. ಹಲವು ಕಡೆ ಹಂಚಿಹೋಗಿರುವುದನ್ನೂ, ಬಿಡಿಯಾಗಿ ಇರುವುದನ್ನೂ ಕೊನೆಗೆ ಇಟ್ಟುಕೊಳ್ಳಬೇಕು. ಕಾರ್ಬನ್ ಎಡಗಡೆ 3 ಇರುವುದರಿಂದ ಬಲಗಡೆ 3ಸಿಒ₂ ಬೇಕು. ಹೈಡ್ರೋಜನ್ ಎಡಗಡೆ 8 ಇರುವುದರಿಂದ ಬಲಗಡೆ 4ಎಚ್₂ಒ ಬೇಕು. ಆಗ ಬಲಗಡೆಯ ಆಕ್ಸಿಜನ್ ಪರಮಾಣುಗಳು 6 ಮತ್ತು 4, ಒಟ್ಟು 10. ಎಡಗಡೆ ಆಕ್ಸಿಜನ್ ಒಂಟಿಯಾಗಿ ನಿಂತಿರುವುದರಿಂದ ಅದರ ಸಹಗುಣಕವನ್ನು 5 ಮಾಡಿದರೆ ಬೇರೆ ಯಾವ ಎಣಿಕೆಯೂ ಕೆಡುವುದಿಲ್ಲ. ಒಂಟಿಯಾಗಿರುವ ಧಾತುವನ್ನು ಕೊನೆಗೆ ಉಳಿಸಿಕೊಂಡದ್ದು ಇದಕ್ಕಾಗಿಯೇ.

ಸಿ₃ಎಚ್₈ + 5ಒ₂ → 3ಸಿಒ₂ + 4ಎಚ್₂ಒ

ಇದೇ ಕ್ರಮವನ್ನು ಬ್ಯುಟೇನ್‌ಗೆ ಅನ್ವಯಿಸಿದರೆ ಒಂದು ತೊಡಕು ಎದುರಾಗುತ್ತದೆ. ಸಿ₄ಎಚ್₁₀ ಉರಿದು 4ಸಿಒ₂ ಮತ್ತು 5ಎಚ್₂ಒ ಆದಾಗ ಬಲಗಡೆಯ ಆಕ್ಸಿಜನ್ 13, ಅಂದರೆ ಬೆಸ ಸಂಖ್ಯೆ. ಎಡಗಡೆ ಆಕ್ಸಿಜನ್ ಜೋಡಿಯಾಗಿಯೇ ಬರುವುದರಿಂದ ಆರೂವರೆ ಅಣುಗಳು ಬೇಕೆಂದಾಗುತ್ತದೆ. ಗಾಬರಿಗೊಂಡು ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ. ಆರೂವರೆ ಎಂದೇ ಬರೆದುಕೊಂಡು ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿದರಾಯಿತು: 2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ.

ಕೆಲವು ಸಮೀಕರಣಗಳಲ್ಲಿ ಕ್ರಮಕ್ಕಿಂತ ಕ್ರಿಯೆಯ ಅರ್ಥವೇ ಬೇಗ ದಾರಿ ತೋರುತ್ತದೆ. ಊದುಕುಲುಮೆಯಲ್ಲಿ ಕಬ್ಬಿಣದ ಅದಿರಿನ ಆಕ್ಸೈಡಿನಿಂದ ಕಾರ್ಬನ್ ಮೊನಾಕ್ಸೈಡ್ ಆಕ್ಸಿಜನ್ನನ್ನು ಕಸಿದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇಲ್ಲಿ ಆಕ್ಸಿಜನ್ ಮೂರು ವಸ್ತುಗಳಲ್ಲಿ ಹರಡಿಕೊಂಡಿದ್ದು, ಕುರುಡಾಗಿ ಎಣಿಸಹೊರಟರೆ ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬರುತ್ತೇವೆ. ಆದರೆ ಒಂದು ಕಾರ್ಬನ್ ಮೊನಾಕ್ಸೈಡ್ ಅಣು ಒಂದೇ ಒಂದು ಆಕ್ಸಿಜನ್ ಪರಮಾಣುವನ್ನು ಹೊತ್ತೊಯ್ಯಬಲ್ಲದು ಎಂಬುದನ್ನು ಗಮನಿಸಿದರೆ ಕೆಲಸ ಮುಗಿದಂತೆಯೇ. ಎರಡು ಕಬ್ಬಿಣ, ಮೂರು ಆಕ್ಸಿಜನ್ ಇರುವ ಆಕ್ಸೈಡಿನ ಒಂದು ಘಟಕಕ್ಕೆ ಮೂರು ಕಾರ್ಬನ್ ಮೊನಾಕ್ಸೈಡ್ ಬೇಕು. ಎರಡು ಕಬ್ಬಿಣದ ಪರಮಾಣುಗಳೂ ಮೂರು ಕಾರ್ಬನ್ ಡೈಆಕ್ಸೈಡ್ ಅಣುಗಳೂ ಸಿಗುತ್ತವೆ. ಸಲ್ಫೇಟ್, ಹೈಡ್ರಾಕ್ಸೈಡ್‌ನಂಥ ಗುಂಪುಗಳು ಕ್ರಿಯೆಯ ಎರಡೂ ಬದಿಯಲ್ಲಿ ಒಡೆಯದೆ ಉಳಿದಿದ್ದರೆ ಗುಂಪನ್ನು ಇಡಿಯಾಗಿಯೇ ಎಣಿಸಬೇಕು. ಅಲ್ಯೂಮಿನಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೇರುವಾಗ ಒಂದಕ್ಕೆ ಮೂರರಂತೆ ಸೇರಿ, ಎರಡು ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೂರು ಕ್ಯಾಲ್ಸಿಯಂ ಸಲ್ಫೇಟ್ ಆಗುವುದನ್ನು ಹೀಗೆ ಎಣಿಸಿದರೆ ಒಂದು ನಿಮಿಷದ ಕೆಲಸ. ಆಕ್ಸಿಜನ್ನನ್ನು ಬಿಡಿಬಿಡಿಯಾಗಿ ಎಣಿಸಿದರೆ ಪುಟ ತುಂಬುತ್ತದೆ.

ಮುಗಿದ ಮೇಲೆ ಪ್ರತಿಯೊಂದು ಧಾತುವನ್ನೂ ಎರಡೂ ಬದಿಯಲ್ಲಿ ಮತ್ತೆ ಎಣಿಸಬೇಕು. ಅಯಾನುಗಳಿದ್ದರೆ ಆವೇಶದ ಮೊತ್ತವನ್ನೂ ನೋಡಬೇಕು. ವಸ್ತು ಘನವೋ, ದ್ರವವೋ, ಅನಿಲವೋ, ನೀರಿನಲ್ಲಿ ಕರಗಿರುವುದೋ ಎಂಬುದನ್ನು ಪಕ್ಕದಲ್ಲಿ ನಮೂದಿಸುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಶಾಖದ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ಸಮೀಕರಣದಿಂದ ತಕ್ಕಡಿಗೆ

ಅಣುಗಳನ್ನು ಒಂದೊಂದಾಗಿ ಎಣಿಸುವುದು ಸಾಧ್ಯವಿಲ್ಲ, ತೂಗುವುದು ಮಾತ್ರ ಸಾಧ್ಯ. ಎಣಿಕೆಯನ್ನೂ ತೂಕವನ್ನೂ ಬೆಸೆಯುವ ಮಾನವೇ ಮೋಲ್. 2019ರ ಮೇ 20ರಿಂದ ಜಾರಿಗೆ ಬಂದ ವ್ಯಾಖ್ಯೆಯ ಪ್ರಕಾರ ಒಂದು ಮೋಲ್ ಎಂದರೆ 6.02214076 × 10²³ ಕಣಗಳು. ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಇರುವಷ್ಟು ಪರಮಾಣುಗಳ ಸಂಖ್ಯೆಯನ್ನು ಮೋಲ್ ಎಂದು ಕರೆಯುತ್ತಿದ್ದರು. ವ್ಯವಹಾರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಈ ಮಾನದ ಅನುಕೂಲವೆಂದರೆ, ಒಂದು ವಸ್ತುವಿನ ಸೂತ್ರದಲ್ಲಿರುವ ಪರಮಾಣು ರಾಶಿಗಳನ್ನು ಕೂಡಿಸಿ ಮುಂದೆ 'ಗ್ರಾಂ' ಎಂದು ಬರೆದರೆ ಅದೇ ಒಂದು ಮೋಲ್‌ನ ತೂಕ. ಪ್ರೊಪೇನ್‌ಗೆ ಕಾರ್ಬನ್ನಿನ ಮೂರು ಹನ್ನೆರಡು ಮತ್ತು ಹೈಡ್ರೋಜನ್ನಿನ ಎಂಟು ಒಂದು ಸೇರಿ 44 ಗ್ರಾಂ.

ಹಾಗಾಗಿ ಮೇಲಿನ ಪ್ರೊಪೇನ್ ಸಮೀಕರಣವನ್ನು ಹೀಗೆ ಓದಬಹುದು: 44 ಗ್ರಾಂ ಪ್ರೊಪೇನ್ 160 ಗ್ರಾಂ ಆಕ್ಸಿಜನ್ನಿನೊಡನೆ ಉರಿದು 132 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು 72 ಗ್ರಾಂ ನೀರನ್ನು ಕೊಡುತ್ತದೆ. ಎಡಗಡೆ 204, ಬಲಗಡೆಯೂ 204. ಉರಿದದ್ದು 44 ಗ್ರಾಂ ಮಾತ್ರವಾದರೂ ಹೊರಬಂದ ಅನಿಲ ಅದರ ಮೂರು ಪಟ್ಟು ತೂಗುತ್ತದೆ ಎಂಬುದು ಮೊದಲ ಬಾರಿ ಲೆಕ್ಕ ಮಾಡಿದವರಿಗೆ ನಂಬಲಾಗದ ಸಂಗತಿ. ಇಂಧನಗಳ ಹೊಗೆಯ ಬಗ್ಗೆ ನಡೆಯುವ ಎಲ್ಲ ಚರ್ಚೆಗಳ ಹಿಂದೆಯೂ ಈ ಸರಳ ಗುಣಾಕಾರವಿದೆ.

ಯಾವ ಲೆಕ್ಕವಾದರೂ ಮೂರೇ ಹೆಜ್ಜೆ: ಕೊಟ್ಟಿರುವ ಗ್ರಾಂಗಳನ್ನು ಮೋಲ್‌ಗೆ ಬದಲಿಸಬೇಕು, ಸಹಗುಣಕಗಳ ಅನುಪಾತದಿಂದ ಬೇಕಾದ ವಸ್ತುವಿನ ಮೋಲ್ ಕಂಡುಹಿಡಿಯಬೇಕು, ಅದನ್ನು ಮತ್ತೆ ಗ್ರಾಂಗೆ ತರಬೇಕು. ನಡುವಿನ ಹೆಜ್ಜೆಯನ್ನು ಹಾರಿ, ಸಹಗುಣಕಗಳನ್ನು ಗ್ರಾಂಗಳಿಗೇ ಅನ್ವಯಿಸುವುದು ತೀರಾ ಸಾಮಾನ್ಯವಾದ ತಪ್ಪು.

ಎರಡು ಪ್ರತಿವರ್ತಕಗಳೂ, ಅಂದರೆ ಕ್ರಿಯೆಯಲ್ಲಿ ಸೇರುವ ವಸ್ತುಗಳೂ, ನಿಗದಿತ ಪ್ರಮಾಣದಲ್ಲಿದ್ದಾಗ ಇನ್ನೊಂದು ಪ್ರಶ್ನೆ ಬರುತ್ತದೆ: ಯಾವುದು ಮೊದಲು ಮುಗಿಯುತ್ತದೆ? ಮೊದಲು ಮುಗಿಯುವುದನ್ನು ಸೀಮಿತ ಪ್ರತಿವರ್ತಕ ಎನ್ನುತ್ತಾರೆ. ಉತ್ಪನ್ನದ ಪ್ರಮಾಣವನ್ನು ತೀರ್ಮಾನಿಸುವುದು ಅದೇ. 4.86 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು 2.4 ಗ್ರಾಂ ಶುದ್ಧ ಆಕ್ಸಿಜನ್ ಇರುವ ಮುಚ್ಚಿದ ಪಾತ್ರೆಯಲ್ಲಿ ಉರಿಸುತ್ತೇವೆ ಎಂದುಕೊಳ್ಳೋಣ. ಸಮೀಕರಣದ ಪ್ರಕಾರ ಎರಡು ಮೋಲ್ ಮೆಗ್ನೀಸಿಯಂಗೆ ಒಂದು ಮೋಲ್ ಆಕ್ಸಿಜನ್ ಬೇಕು, ಎರಡು ಮೋಲ್ ಮೆಗ್ನೀಸಿಯಂ ಆಕ್ಸೈಡ್ ಸಿಗುತ್ತದೆ. ಮೆಗ್ನೀಸಿಯಂನ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 24.3 ಗ್ರಾಂ ಆದ್ದರಿಂದ ನಮ್ಮಲ್ಲಿರುವುದು 0.2 ಮೋಲ್. ಅದಕ್ಕೆ 0.1 ಮೋಲ್ ಆಕ್ಸಿಜನ್, ಅಂದರೆ 3.2 ಗ್ರಾಂ ಬೇಕಿತ್ತು. ಇರುವುದು 2.4 ಗ್ರಾಂ, ಅಂದರೆ 0.075 ಮೋಲ್ ಮಾತ್ರ. ಹಾಗಾಗಿ ಆಕ್ಸಿಜನ್ ಮೊದಲು ಮುಗಿಯುತ್ತದೆ. ಅದು 0.15 ಮೋಲ್ ಮೆಗ್ನೀಸಿಯಂ ಅನ್ನು ಬಳಸಿಕೊಂಡು 0.15 ಮೋಲ್ ಆಕ್ಸೈಡನ್ನು ಕೊಡುತ್ತದೆ, ಮೋಲ್‌ಗೆ 40.3 ಗ್ರಾಂನಂತೆ ಅದು 6.045 ಗ್ರಾಂ. ಉರಿಯದೆ ಉಳಿದ 0.05 ಮೋಲ್ ಮೆಗ್ನೀಸಿಯಂ 1.215 ಗ್ರಾಂ. ಇವೆರಡರ ಮೊತ್ತ 7.26 ಗ್ರಾಂ, ಆರಂಭದ 4.86 ಮತ್ತು 2.4ರ ಮೊತ್ತವೂ ಅದೇ. ಉಳಿದುಹೋದ ವಸ್ತುವನ್ನೂ ಸೇರಿಸಿ ಹೀಗೆ ಮೊತ್ತ ತಾಳೆ ನೋಡುವುದನ್ನು ಎಂದಿಗೂ ಬಿಡಬಾರದು, ಏಕೆಂದರೆ ಹೆಚ್ಚಿನ ತಪ್ಪುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ.

ಕಡಿಮೆ ತೂಗುವುದೇ ಸೀಮಿತ ಪ್ರತಿವರ್ತಕ ಎಂಬ ಭಾವನೆಯನ್ನು ಬಿಡಬೇಕು. 4 ಗ್ರಾಂ ಹೈಡ್ರೋಜನ್ ಮತ್ತು 16 ಗ್ರಾಂ ಆಕ್ಸಿಜನ್ ಇದ್ದರೆ, ನಾಲ್ಕು ಪಟ್ಟು ಹೆಚ್ಚು ತೂಗುವ ಆಕ್ಸಿಜನ್ನೇ ಮೊದಲು ಮುಗಿಯುತ್ತದೆ. 4 ಗ್ರಾಂ ಹೈಡ್ರೋಜನ್ ಎಂದರೆ 2 ಮೋಲ್. ಅದಕ್ಕೆ ಒಂದು ಮೋಲ್ ಆಕ್ಸಿಜನ್, ಅಂದರೆ 32 ಗ್ರಾಂ ಬೇಕು.

ಪ್ರಯೋಗದಲ್ಲಿ ಕೈಗೆ ಸಿಕ್ಕ ಪ್ರಮಾಣವನ್ನು ಲೆಕ್ಕದ ಪ್ರಮಾಣದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಇಳುವರಿ ಬರುತ್ತದೆ. ಅದು ನೂರನ್ನು ಮೀರಿದರೆ ಸಂಭ್ರಮಪಡಬಾರದು. ಉತ್ಪನ್ನ ಸರಿಯಾಗಿ ಒಣಗಿಲ್ಲ ಅಥವಾ ಅದರಲ್ಲಿ ಬೇರೇನೋ ಬೆರೆತಿದೆ ಎಂದು ತಿಳಿಯಬೇಕು. ಇಳುವರಿ ಕಡಿಮೆ ಬರುವುದಕ್ಕೂ ಕಾರಣಗಳಿರುತ್ತವೆ. ಮೆಗ್ನೀಸಿಯಂ ಅನ್ನು ಗಾಳಿಯಲ್ಲಿ ಉರಿಸಿದಾಗ ಅದರ ಒಂದು ಭಾಗ ನೈಟ್ರೋಜನ್ನಿನೊಡನೆ ಸೇರಿ ನೈಟ್ರೈಡ್ ಆಗುವುದರಿಂದ, ಬೂದಿಯ ತೂಕ ಆಕ್ಸೈಡಿನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ.

ಬರೆದದ್ದೆಲ್ಲ ನಡೆಯುತ್ತದೆಯೇ?

ಸಮೀಕರಣ ಸರಿದೂಗಿದ ಮಾತ್ರಕ್ಕೆ ಆ ಕ್ರಿಯೆ ನಡೆಯುತ್ತದೆ ಎಂದು ಅರ್ಥವಲ್ಲ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಸತುವಿನ ಪಟ್ಟಿಯನ್ನು ಇಟ್ಟರೆ ನೀಲಿ ಬಣ್ಣ ಕ್ರಮೇಣ ತಿಳಿಯಾಗಿ, ಸತುವಿನ ಮೇಲೆ ಕೆಂಗಂದು ತಾಮ್ರ ಕೂರುತ್ತದೆ. ಸತುವಿನ ಸಲ್ಫೇಟಿನಲ್ಲಿ ತಾಮ್ರವನ್ನು ಇಟ್ಟು ಎಷ್ಟು ಕಾದರೂ ಏನೂ ಆಗುವುದಿಲ್ಲ, ಆದರೆ ಕಾಗದದ ಮೇಲೆ ಎರಡೂ ಒಂದೇ ಬಗೆಯಲ್ಲಿ ಸರಿದೂಗುತ್ತವೆ. ಇಂಥಲ್ಲಿ ಲೋಹಗಳ ಕ್ರಿಯಾಶೀಲತೆಯ ಸರಣಿಯನ್ನು ನೋಡಬೇಕು: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಬೆಳ್ಳಿ, ಚಿನ್ನ. ಮೇಲಿನ ಲೋಹ ಕೆಳಗಿನದನ್ನು ಅದರ ಲವಣದಿಂದ ಹೊರದೂಡುತ್ತದೆ. ಎರಡು ಲವಣಗಳ ದ್ರಾವಣಗಳನ್ನು ಬೆರೆಸುವಾಗ, ಹುಟ್ಟಬಹುದಾದ ಜೋಡಿಗಳಲ್ಲಿ ನೀರಿನಲ್ಲಿ ಕರಗದ್ದು ಇದೆಯೇ ಎಂದು ನೋಡಬೇಕು. ಬೇರಿಯಂ ಸಲ್ಫೇಟ್, ಬೆಳ್ಳಿಯ ಕ್ಲೋರೈಡ್‌ಗಳು ಬಿಳಿಯ ಪ್ರಕ್ಷೇಪವಾಗಿ ಕೆಳಗಿಳಿಯುತ್ತವೆ. ನೈಟ್ರೇಟ್‌ಗಳೂ, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂನ ಸಾಮಾನ್ಯ ಲವಣಗಳೂ ಕರಗಿಯೇ ಇರುತ್ತವೆ.

ನಡೆಯಬಲ್ಲ ಕ್ರಿಯೆಯೂ ತಾನಾಗಿ ಶುರುವಾಗದಿರಬಹುದು. ಹೈಡ್ರೋಜನ್ ಮತ್ತು ಆಕ್ಸಿಜನ್‌ಗಳ ಮಿಶ್ರಣ ಕೋಣೆಯ ಉಷ್ಣತೆಯಲ್ಲಿ ಸುಮ್ಮನಿರುತ್ತದೆ, ಒಂದು ಕಿಡಿ ತಗುಲಿದರೆ ಸಿಡಿಯುತ್ತದೆ. ಹಳೆಯ ಬಂಧಗಳನ್ನು ಸಡಿಲಿಸಲು ಮೊದಲು ಒದಗಿಸಬೇಕಾದ ಈ ಶಕ್ತಿಯನ್ನು ಪಟುಕರಣ ಶಕ್ತಿ ಎನ್ನುತ್ತಾರೆ, ಕ್ರಿಯಾವರ್ಧಕಗಳು, ಅಂದರೆ ತಾವು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳು, ಇದಕ್ಕಿಂತ ತಗ್ಗಿನ ದಾರಿಯನ್ನು ಒದಗಿಸುತ್ತವೆ. ಇನ್ನು ಕೆಲವು ಕ್ರಿಯೆಗಳು ಪೂರ್ತಿಯಾಗದೆ ಸಮತೋಲನದಲ್ಲಿ ನಿಲ್ಲುತ್ತವೆ. ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವಾಗ ಶಾಖ ಬಿಡುಗಡೆಯಾಗುವುದರಿಂದ ಕಡಿಮೆ ಉಷ್ಣತೆಯಲ್ಲಿ ಇಳುವರಿ ಹೆಚ್ಚು, ಆದರೆ ವೇಗ ತೀರಾ ಕಡಿಮೆ. ಆದ್ದರಿಂದ ಕಾರ್ಖಾನೆಗಳಲ್ಲಿ ಕಬ್ಬಿಣದ ಕ್ರಿಯಾವರ್ಧಕದ ಮೇಲೆ, ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅತಿ ಹೆಚ್ಚಿನ ಒತ್ತಡದಲ್ಲಿ ಇದನ್ನು ನಡೆಸುತ್ತಾರೆ. ಸಹಗುಣಕಗಳು ಇಂಥ ಯಾವ ಸುಳಿವನ್ನೂ ಕೊಡುವುದಿಲ್ಲ, ಅದನ್ನು ಪ್ರಯೋಗದಿಂದಲೇ ತಿಳಿಯಬೇಕು.

ತೂಗಿ ನೋಡಲು ಒಂದು ಪ್ರಯೋಗ

ಇಷ್ಟನ್ನೂ ಸುರಕ್ಷಿತವಾಗಿ ಪರೀಕ್ಷಿಸಲು ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಮತ್ತು ಶೇ 5ರಷ್ಟು ಅಸಿಟಿಕ್ ಆಮ್ಲವಿರುವ ವಿನೆಗರ್ ಸಾಕು. ಒಂದು ಮೋಲ್ ಬೈಕಾರ್ಬೊನೇಟ್ ಒಂದು ಮೋಲ್ ಆಮ್ಲದೊಡನೆ ಸೇರಿ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಸೋಡಿಯಂ ಅಸಿಟೇಟ್ ಮತ್ತು ನೀರು ಪಾತ್ರೆಯಲ್ಲಿಯೇ ಉಳಿಯುತ್ತವೆ. ತಕ್ಕಡಿ 0.1 ಗ್ರಾಂವರೆಗೆ ತೋರಿಸುವಂತಿರಬೇಕು.

ಅಗಲ ಬಾಯಿಯ ಎತ್ತರದ ಪಾತ್ರೆಯಲ್ಲಿ 150 ಗ್ರಾಂ ವಿನೆಗರ್, ಬೇರೊಂದು ಚಿಕ್ಕ ಬಟ್ಟಲಿನಲ್ಲಿ 8.4 ಗ್ರಾಂ ಸೋಡಾ ಇಟ್ಟು ಎರಡನ್ನೂ ಒಟ್ಟಿಗೆ ತೂಗಿ ಬರೆದುಕೊಳ್ಳಬೇಕು. ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಒಮ್ಮೆಲೇ ಸುರಿದರೆ ಹನಿಗಳು ಸಿಡಿದು ಹೊರಬಿದ್ದು ತೂಕದ ಲೆಕ್ಕ ಕೆಡುತ್ತದೆ. ನೊರೆ ಇಳಿದ ಮೇಲೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ, ಖಾಲಿ ಬಟ್ಟಲನ್ನೂ ಇಟ್ಟು ಮತ್ತೆ ತೂಗಬೇಕು. ಯಾವ ಕಾರಣಕ್ಕೂ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಬಾರದು: 0.1 ಮೋಲ್ ಅನಿಲ ಕೋಣೆಯ ಉಷ್ಣತೆಯಲ್ಲಿ ಸುಮಾರು 2.4 ಲೀಟರ್ ಜಾಗ ಬೇಡುತ್ತದೆ, ಬಾಟಲಿ ಒಡೆಯಬಹುದು.

ಸೋಡಾದ ಮೋಲಾರ್ ರಾಶಿ 84 ಗ್ರಾಂ ಆದ್ದರಿಂದ 8.4 ಗ್ರಾಂ ಎಂದರೆ 0.1 ಮೋಲ್. 150 ಗ್ರಾಂ ವಿನೆಗರ್‌ನಲ್ಲಿ 7.5 ಗ್ರಾಂ ಆಮ್ಲ, ಮೋಲ್‌ಗೆ 60 ಗ್ರಾಂನಂತೆ 0.125 ಮೋಲ್ ಇದೆ. ಸೋಡಾ ಮೊದಲು ಮುಗಿಯುತ್ತದೆ, 4.4 ಗ್ರಾಂ ಅನಿಲ ಹುಟ್ಟುತ್ತದೆ. ತಕ್ಕಡಿಯಲ್ಲಿ ಕಾಣುವ ಇಳಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಏಕೆಂದರೆ ಅನಿಲದ ಒಂದು ಪಾಲು ದ್ರವದಲ್ಲಿಯೇ ಕರಗಿ ಉಳಿಯುತ್ತದೆ. ಇಳಿಕೆ 4.4 ಗ್ರಾಂಗಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಹನಿಗಳು ಸಿಡಿದು ಹೋಗಿವೆಯೇ ಎಂದು ನೋಡಬೇಕು.

ಮುಂದಿನ ಬಾರಿ ಸೋಡಾವನ್ನು ಅಷ್ಟೇ ಇಟ್ಟು ವಿನೆಗರ್ ಅನ್ನು 60 ಗ್ರಾಂಗೆ ಇಳಿಸಬೇಕು. ಈಗ ಆಮ್ಲ 3 ಗ್ರಾಂ, ಅಂದರೆ 0.05 ಮೋಲ್ ಮಾತ್ರ. ಆಮ್ಲವೇ ಸೀಮಿತವಾಗಿ ಅನಿಲ 2.2 ಗ್ರಾಂಗೆ ನಿಲ್ಲುತ್ತದೆ. ನೊರೆ ಪೂರ್ತಿ ನಿಂತ ಮೇಲೆ ಇನ್ನೊಂದು 60 ಗ್ರಾಂ ವಿನೆಗರ್ ಅನ್ನು ತೂಗಿ ಸುರಿದರೆ ಮತ್ತೆ ನೊರೆಯೇಳುತ್ತದೆ, ಮೊದಲ ಬಾರಿ ಕ್ರಿಯೆಗೆ ಒಳಗಾಗದೆ ಉಳಿದಿದ್ದ 4.2 ಗ್ರಾಂ ಸೋಡಾ ತನ್ನ ಪಾಲಿನ 2.2 ಗ್ರಾಂ ಅನಿಲವನ್ನು ಆಗ ಬಿಟ್ಟುಕೊಡುತ್ತದೆ.